ಹಿಂದಿನ ಶಾಕ್: ಮೊದಲು ಅಳತೆ, ಆಮೇಲೆ ಬ್ರ್ಯಾಂಡ್

ಮೌಂಟನ್ ಬೈಕಿನ ಹಿಂದಿನ ಶಾಕಿಗೆ (ಶಾಕ್ ಅಬ್ಸಾರ್ಬರ್) 230×60 ಎಂಬ ಅಳತೆ ಇದ್ದರೆ, 230 ಎಂಬುದು ಶಾಕ್ ಪೂರ್ತಿ ಚಾಚಿದಾಗ ಎರಡು ತುದಿಯ ಬೋಲ್ಟುಗಳ ನಡುವಿನ ಅಂತರ. 60 ಎಂಬುದು ಅದು ಒಳಕ್ಕೆ ಹೋಗುವ ದೂರ, ಅಂದರೆ ಸ್ಟ್ರೋಕ್. ಎರಡೂ ಮಿಲಿಮೀಟರಿನಲ್ಲಿ. ಉದ್ದದಲ್ಲಿ ‘ಮೂರು ಮಿ.ಮೀ. ತಾನೆ, ನಡೆಯುತ್ತೆ’ ಎನ್ನುವವರ ಮಾತು ಕೇಳಬೇಡಿ. ಹಿಂಚಕ್ರ 150 ಮಿ.ಮೀ. ಚಲಿಸುವ ಫ್ರೇಮಿನಲ್ಲಿ 60 ಮಿ.ಮೀ. ಸ್ಟ್ರೋಕ್ ಇದ್ದರೆ ಲೆವರೇಜ್, ಅಂದರೆ ಶಾಕ್ ಒಂದು ಮಿ.ಮೀ. ಒತ್ತಿದಾಗ ಚಕ್ರ ಚಲಿಸುವ ದೂರ, ಸರಾಸರಿ 2.5. ಆ ಮೂರು ಮಿ.ಮೀ. ಚಕ್ರದ ಬಳಿ ಏಳೆಂಟಾಗುತ್ತದೆ, ಬೈಕಿನ ಕೋನಗಳೇ ಬದಲಾಗುತ್ತವೆ.

ಸ್ಟ್ರೋಕ್ ಹೆಚ್ಚಿಸುವ ಆಸೆ ಇನ್ನೂ ಅಪಾಯದ್ದು. 60ರ ಜಾಗಕ್ಕೆ 65 ಹಾಕಿದರೆ ಚಕ್ರ ಇನ್ನೂ 12 ಮಿ.ಮೀ. ಮೇಲೇರಿ, ದೊಡ್ಡ ಹೊಡೆತಕ್ಕೆ ಟೈರು ಸೀಟ್ ಟ್ಯೂಬಿಗೆ ಬಡಿಯಬಹುದು. ಹಾಗಾಗಿ ಯಾವ ಶಾಕ್ ಹಾಕಿದರೂ ಗಾಳಿ ಶಾಕ್ ಆದರೆ ಗಾಳಿ ಪೂರ್ತಿ ಬಿಟ್ಟು, ಲೋಹದ ಸುರುಳಿಯ ಕಾಯಿಲ್ ಶಾಕ್ ಆದರೆ ಸ್ಪ್ರಿಂಗ್ ತೆಗೆದು, ಕೊನೆಯವರೆಗೆ ಕೈಯಲ್ಲೇ ಒತ್ತಿ ನೋಡಿ. ಶಾಕಿನ ಪಕ್ಕಕ್ಕಿರುವ ಎಣ್ಣೆ ಡಬ್ಬಿ ಬಾಟಲ್ ಕೇಜಿಗೋ ಫ್ರೇಮಿಗೋ ತಾಗುವುದು ಆಗಲೇ ಗೊತ್ತಾಗುವುದು.

ಟ್ರನಿಯನ್ ಶಾಕಿನಲ್ಲಿ ಒಂದು ತುದಿಯ ಬೋಲ್ಟುಗಳು ಎರಡು ಕಡೆಯಿಂದ ನೇರ ಶಾಕಿನ ಮೈಗೇ ಕೂರುತ್ತವೆ. ಮೆಟ್ರಿಕ್ ಅಳತೆಯಲ್ಲಿ ಅದರ ಉದ್ದ 25 ಮಿ.ಮೀ. ಕಡಿಮೆ, 230×60ರ ಜೋಡಿ 205×60. ಆದರೆ ಒಂದರ ಫ್ರೇಮಿಗೆ ಇನ್ನೊಂದು ಕೂರದು.

ಗಾಳಿಯೋ ಕಾಯಿಲೋ ಎಂಬುದನ್ನು ಫ್ರೇಮನ್ನು ಕೇಳಿಯೇ ತೀರ್ಮಾನಿಸಬೇಕು. ಗಾಳಿ ಒತ್ತಿದಷ್ಟೂ ಬಿಗಿಯಾಗುತ್ತದೆ. ಕಾಯಿಲ್ ಮೊದಲಿನಿಂದ ಕೊನೆಯವರೆಗೆ ಒಂದೇ ಹದ. ಚಲನೆಯ ಕೊನೆಗೆ ಬರುವಾಗ ಲೆವರೇಜ್ ಸಾಕಷ್ಟು ಇಳಿಯದ ಫ್ರೇಮಿಗೆ ಕಾಯಿಲ್ ಹಾಕಿದರೆ ಶಾಕ್ ಪದೇಪದೇ ಕೊನೆ ಮುಟ್ಟಿ ತಳ ಬಡಿಯುತ್ತದೆ. ಅದನ್ನು ತಡೆಯಲು ಗಟ್ಟಿ ಸ್ಪ್ರಿಂಗ್ ಹಾಕಿದಿರೋ, ಸಣ್ಣ ಕಲ್ಲುಗಳ ಮೇಲಿನ ಮೃದುತನ ಹೋಯಿತು. ಮತ್ತೆ ಕಾಯಿಲ್ ಏಕೆ ಬೇಕಿತ್ತು? ಶಾಕಿಗೂ ಅದನ್ನು ಒತ್ತುವ ಲಿಂಕಿಗೂ ನಡುವೆ ಉದ್ದನೆಯ ಕವಲುತೋಳು ಇರುವ ಫ್ರೇಮಿನಲ್ಲಂತೂ ಕಾಯಿಲ್ ಶಾಕಿನ ತೆಳು ದಂಡಕ್ಕೆ ಅಡ್ಡಬಲ ಬಿದ್ದು ಬಾಗುತ್ತದೆ, ಮುರಿಯುವುದೂ ಉಂಟು. ಫ್ರೇಮ್ ತಯಾರಕರು ಒಪ್ಪಿದ್ದರೆ ಮಾತ್ರ ಹಾಕಿ.

ಸ್ಪ್ರಿಂಗ್ ಆರಿಸುವ ಲೆಕ್ಕ ಹೀಗೆ. ಸವಾರ ಹೆಲ್ಮೆಟ್, ನೀರಿನ ಚೀಲ ಸೇರಿ 75 ಕೆ.ಜಿ.; ಹಿಂಚಕ್ರದ ಪಾಲು ಸುಮಾರು ಶೇ. 65 ಎಂದರೆ 49 ಕೆ.ಜಿ. ಅದನ್ನು 2.5ರಿಂದ ಗುಣಿಸಿದರೆ ಶಾಕಿನ ಮೇಲೆ ಬೀಳುವುದು 122 ಕೆ.ಜಿ. ಕುಳಿತಾಗ ಸ್ಟ್ರೋಕಿನ ಶೇ. 30, ಅಂದರೆ 18 ಮಿ.ಮೀ. ಕುಸಿಯಬೇಕು. ಭಾಗಿಸಿದರೆ ಮಿ.ಮೀ.ಗೆ 6.8 ಕೆ.ಜಿ. ಸ್ಪ್ರಿಂಗಿನ ಮೇಲೆ ಬರೆದಿರುವುದು ಇಂಚಿಗೆ ಪೌಂಡ್. 56ರಿಂದ ಗುಣಿಸಿ, ಸುಮಾರು 380. 375 ಅಥವಾ 400 ತಂದು, ಕುಸಿತ ಅಳೆದು ನಿರ್ಧರಿಸಿ. ತಪ್ಪು ಸ್ಪ್ರಿಂಗನ್ನು ಪ್ರೀಲೋಡ್ (ಸ್ಪ್ರಿಂಗನ್ನು ಮೊದಲೇ ಬಿಗಿಮಾಡುವ ಬಳೆ) ತಿರುಗಿಸಿ ಸರಿಮಾಡಲು ಹೋಗಬೇಡಿ.

ಗಾಳಿ ಶಾಕಿನಲ್ಲಿ ಒಂದೇ ಸಲಕ್ಕೆ ಪೂರ್ತಿ ಒತ್ತಡ ತುಂಬುವುದು ಸಾಮಾನ್ಯ ತಪ್ಪು. ಪ್ರತಿ 50 ಪಿಎಸ್‌ಐಗೊಮ್ಮೆ ನಿಲ್ಲಿಸಿ ಹತ್ತು ಸಲ ನಿಧಾನ ಒತ್ತಿದರೆ ಎರಡು ಕೋಣೆಗಳ ಗಾಳಿ ಸಮವಾಗುತ್ತದೆ. ಆಮೇಲೂ ಕೊನೆಯಲ್ಲಿ ತಳ ಬಡಿದರೆ ಒಳಗೆ ಗಾಳಿಯ ಜಾಗ ಕಿರಿದಾಗಿಸುವ ತುಂಡು, ಅಂದರೆ ವಾಲ್ಯೂಮ್ ಸ್ಪೇಸರ್ ಸೇರಿಸಿ, ಒತ್ತಡ ಏರಿಸಬೇಡಿ.

ಇಷ್ಟಾದರೂ ಹೊಸ ಶಾಕಿಗೆ ದುಡ್ಡು ಸುರಿಯುವ ಮುನ್ನ ಹಳೆಯದನ್ನು ಒತ್ತಿ ಕಿವಿಗೊಡಿ. ಪಚಪಚ ಸದ್ದು ಬಂದರೆ ಶಾಕಿನ ಕುಣಿತ ತಡೆಯುವ ಡ್ಯಾಂಪರಿನ ಎಣ್ಣೆಗೆ ಗಾಳಿ ಸೇರಿದೆ, ಸರ್ವಿಸ್ ಸಾಕಾಗಬಹುದು. ಸೀಟು ಹಿಡಿದು ಎತ್ತಿದಾಗ ಟಕ್ ಎಂದು ಆಡಿದರೆ ಸವೆದಿರುವುದು ಬಹುಶಃ ಬೋಲ್ಟಿನ ಸುತ್ತಲಿನ ಬಳೆ, ಅಂದರೆ ಬುಶ್.