ಪ್ಯಾಕೆಟ್ ಖಾಲಿ, ಹೊಟ್ಟೆ ಮಾತ್ರ ತುಂಬಿಲ್ಲ

“ಪ್ಯಾಕೆಟ್ ಒಡೆದರೆ ಮುಗಿಯೋವರೆಗೂ ಕೈ ನಿಲ್ಲಲ್ಲ ಮೇಡಂ. ನನಗೆ ಬಾಯಿ ಕಟ್ಟೋಕೆ ಬರಲ್ಲ.” ಡಯಟಿಷಿಯನ್ ಆಗಿ ನಾನು ತುಂಬಾ ಕೇಳುವ ಮಾತಿದು. ಹೇಳುವವರ ಮುಖದಲ್ಲಿ ನಾಚಿಕೆ ಇರುತ್ತದೆ. ಅವರು ನಾಚಿಕೆಪಡಬೇಕಾಗಿಲ್ಲ. ಆ ಪ್ಯಾಕೆಟ್ ತಿಂಡಿಯನ್ನು ಮಾಡಿರುವುದೇ ಹಾಗೆ.

ಒಂದು ಚೀಸ್ ಪಫ್ (ಬೇಕರಿ ಪಫ್ ಅಲ್ಲ, ಪ್ಯಾಕೆಟ್‌ನಲ್ಲಿ ಬರುವ ಉಬ್ಬಿದ ಕುರುಕಲು) ಬಾಯಿಗೆ ಹಾಕಿಕೊಂಡು ಗಮನಿಸಿ. ಮೊದಲು ಕರುಂ ಅನ್ನುತ್ತದೆ. ಎರಡು ಸಲ ಅಗಿಯುವಷ್ಟರಲ್ಲಿ ಕರಗಿ ಮಾಯ. ಮೆಕ್ಕೆಜೋಳದ ಹಿಟ್ಟನ್ನು ಯಂತ್ರದಲ್ಲಿ ಬಿಸಿ ಮಾಡಿ, ಒತ್ತಡದಲ್ಲಿ ಹೊರಗೆ ತಳ್ಳುತ್ತಾರೆ. ಒಳಗಿನ ನೀರು ಒಮ್ಮೆಲೇ ಆವಿಯಾಗಿ ಹಿಟ್ಟು ಉಬ್ಬುತ್ತದೆ. ಒಳಗೆಲ್ಲ ಗಾಳಿ, ಮೇಲೆ ಎಣ್ಣೆ, ಉಪ್ಪು, ಚೀಸ್ ಪುಡಿ. ಹೀಗೆ ಬೇಗ ಕರಗಿದರೆ ‘ಇನ್ನೂ ಜಾಸ್ತಿ ತಿಂದಿಲ್ಲ’ ಅಂತಲೇ ಮೆದುಳು ತಿಳಿಯುತ್ತದೆ ಎಂದು ಅಮೆರಿಕದ ಆಹಾರ ವಿಜ್ಞಾನಿ ಸ್ಟೀವನ್ ವಿದರ್ಲಿ ವಿವರಿಸಿದ್ದಾರೆ.

ಸಿಹಿಗೂ ಲೆಕ್ಕವಿದೆ. ಸಕ್ಕರೆ ಏರಿಸುತ್ತಾ ಹೋದರೆ ರುಚಿಯೂ ಏರುತ್ತದೆ. ಒಂದು ಹಂತ ದಾಟಿದರೆ ಸಾಕೆನಿಸುತ್ತದೆ. ಆ ಹಂತಕ್ಕೆ ‘ಬ್ಲಿಸ್ ಪಾಯಿಂಟ್’ ಅಂತಾರೆ. ಅಮೆರಿಕದ ಮಾರುಕಟ್ಟೆ ಸಂಶೋಧಕ ಹೋವರ್ಡ್ ಮಾಸ್ಕೊವಿಟ್ಜ್ ಆಹಾರ ಕಂಪನಿಗಳಿಗೆ ಅದನ್ನು ಹುಡುಕಿಕೊಡುವುದನ್ನೇ ವೃತ್ತಿ ಮಾಡಿಕೊಂಡರು.

ಆದರೆ ರುಚಿಯೊಂದೇ ಕಾರಣ ಅಲ್ಲ. 2019ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ ತಂಡ ಒಂದು ಅಧ್ಯಯನ ಪ್ರಕಟಿಸಿತು. 20 ಜನರನ್ನು ಅಲ್ಲೇ ಇರಿಸಿಕೊಂಡು, ಎರಡು ವಾರ ಅತಿ ಸಂಸ್ಕರಿತ (ಪ್ಯಾಕೆಟ್ ತಿಂಡಿಯ ಹಾಗೆ ಕಾರ್ಖಾನೆಯಲ್ಲಿ ತಯಾರಾದ) ಆಹಾರ, ಎರಡು ವಾರ ಸಾದಾ ಆಹಾರ ಕೊಟ್ಟರು. ಮುಂದಿಟ್ಟ ಊಟದಲ್ಲಿ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು, ಸೋಡಿಯಂ ಎರಡೂ ಕಡೆ ಹೆಚ್ಚುಕಡಿಮೆ ಸಮ. ಬೇಕಾದಷ್ಟು ತಿನ್ನಬಹುದಿತ್ತು. ಸಂಸ್ಕರಿತ ಆಹಾರದ ದಿನಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದರು. ತೂಕ ಸುಮಾರು 0.9 ಕಿಲೋ ಏರಿತು. ಸಾದಾ ಆಹಾರದಲ್ಲಿ ಅಷ್ಟೇ ಇಳಿಯಿತು. ರುಚಿ ಹೇಗಿದೆ ಅಂತ ಕೇಳಿದರೆ ಎರಡಕ್ಕೂ ಹತ್ತಿರ ಹತ್ತಿರ ಒಂದೇ ಅಂಕ ಕೊಟ್ಟರು! ಸಂಸ್ಕರಿತ ಆಹಾರವನ್ನು ಮಾತ್ರ ಬೇಗ ಬೇಗ ತಿಂದಿದ್ದರು. ಸಾಕು ಎಂಬ ಸಂದೇಶ ಹೊಟ್ಟೆಯಿಂದ ಮೆದುಳಿಗೆ ಮುಟ್ಟಲು ಸಮಯ ಬೇಕು, ಅಲ್ವಾ? ಮೆತ್ತಗಿನ, ಕರಗುವ ತಿಂಡಿ ಆ ಸಮಯವನ್ನೇ ಕೊಡುವುದಿಲ್ಲ.

ಹಾಗಂತ ನಾನು ‘ಮುಟ್ಟಲೇಬೇಡಿ’ ಅನ್ನುವುದಿಲ್ಲ. ಸಂಜೆ ಮಕ್ಕಳು ಹಸಿದು ಬಂದಾಗ ಮೊದಲು ಅಗಿದು ತಿನ್ನುವಂಥದ್ದು ಕೊಡಿ. ಕಡಲೆ ಉಸಲಿಯೋ ಸೀಬೆಹಣ್ಣೋ ಆಗಲಿ. ಆಮೇಲೂ ಪಫ್ ಬೇಕೆಂದರೆ ಒಂದು ಚಿಕ್ಕ ಬಟ್ಟಲಿಗೆ ಹಾಕಿಕೊಡಿ. ಪ್ಯಾಕೆಟ್ ಮಾತ್ರ ಕೈಗೆ ಕೊಡಬೇಡಿ.