ತಡೆಗೋಡೆಗೆ ಮೊದಲು ಕೆರೆ ನೋಡಿ: ಮೈಸೂರಿನ ಹಳ್ಳಗಳ ಹಿನ್ನೆಲೆ

ಮೈಸೂರಿಗೆ ವರ್ಷಕ್ಕೆ ಬೀಳುವುದು ಸುಮಾರು 800 ಮಿ.ಮೀ. ಮಳೆ. ಮಲೆನಾಡಿನ ಮುಂದೆ ಇದು ಏನೂ ಅಲ್ಲ. ಆದರೂ ಮೇ ತಿಂಗಳ ಮಳೆಗೆ ಒಮ್ಮೆ, ಸೆಪ್ಟೆಂಬರ್–ಅಕ್ಟೋಬರ್ ಮಳೆಗೆ ಇನ್ನೊಮ್ಮೆ ಚಾಮುಂಡಿ ಬೆಟ್ಟದ ತಪ್ಪಲಿನ ಕನಕಗಿರಿ, ಗುಂಡೂರಾವ್ ನಗರದಂಥ ಬಡಾವಣೆಗಳ ಜನ ಮನೆಗೆ ನೀರು ನುಗ್ಗುವ ಭಯದಲ್ಲೇ ಇರುತ್ತಾರೆ. ನೀರು ಬಂದಾಗಲೆಲ್ಲ ಬೇಡಿಕೆ ಒಂದೇ: ರಾಜಕಾಲುವೆಗೆ ತಡೆಗೋಡೆ ಕಟ್ಟಿಸಿ. ಅಕ್ಕಿ ಮೂಟೆ, ಮಕ್ಕಳ ಪುಸ್ತಕ ನೆಂದುಹೋದವರು ಹಾಗೆ ಕೇಳುವುದು ನ್ಯಾಯವೇ. ಆದರೆ ಆ ನೀರು ಬರುವ ದಾರಿಯನ್ನು ಮೇಲಿನಿಂದ ಕೆಳಗಿನವರೆಗೆ ನೋಡದೆ ಕಟ್ಟಿದ ಗೋಡೆ ಅವರನ್ನು ಕಾಯುವುದಿಲ್ಲ.

ಮೈಸೂರಿನ ಒಳಗೆ ನದಿ ಇಲ್ಲ. ಉತ್ತರಕ್ಕೆ ಇಳಿದ ನೀರು ಕಾವೇರಿಗೆ, ದಕ್ಷಿಣಕ್ಕೆ ಇಳಿದದ್ದು ಕಬಿನಿಗೆ. ನಡುವೆ ಇದ್ದದ್ದು ಸಣ್ಣ ಹಳ್ಳಗಳು ಮತ್ತು ಕೆರೆಗಳು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲೇ 1828ರಲ್ಲಿ ಲಿಂಗಾಂಬುಧಿ, 1864ರಲ್ಲಿ ಕುಕ್ಕರಹಳ್ಳಿ ಕೆರೆ ಆದವು. ಅದಕ್ಕೂ ಮೊದಲು ದಿವಾನ್ ಪೂರ್ಣಯ್ಯ ಕಾವೇರಿ ನೀರು ತರಲೆಂದು ನಾಲೆ ತೋಡಿಸಿದ್ದರು. ಕಾವೇರಿ ಬರಲಿಲ್ಲ. ಆ ನಾಲೆ ಮುಂದೆ ಮಳೆನೀರನ್ನು ಕುಕ್ಕರಹಳ್ಳಿಗೆ ಮುಟ್ಟಿಸುವ ದಾರಿಯಾಯಿತು.

ಕೆರೆ ಕಟ್ಟಿದ್ದು ಗದ್ದೆಗೆಂದು. ಆದರೆ ಅದೇ ಕೆರೆ ಜೋರು ಮಳೆಯ ನೀರನ್ನು ಹಿಡಿದಿಟ್ಟು, ಕೋಡಿಯಲ್ಲಿ ನಿಧಾನಕ್ಕೆ ಬಿಡುತ್ತಿತ್ತು. ತೂಬು (ಕೆರೆಯ ನೀರು ಬಿಡುವ ಬಾಗಿಲು) ಯಾವಾಗ ಎತ್ತಬೇಕು ಅನ್ನುವುದು ನೀರು ಬಿಡುವ ಕೆಲಸದ ನೀರುಗಂಟಿಗೆ ಗೊತ್ತಿತ್ತು. ಊರು ಬೆಳೆದಂತೆ ಈ ಏರ್ಪಾಡು ಹೋಯಿತು. ದೊಡ್ಡಕೆರೆ, ಸುಬ್ಬರಾಯನಕೆರೆ, ಜೀವರಾಯನಕಟ್ಟೆ ಈಗ ಮೈದಾನಗಳು. ಅಚ್ಚುಕಟ್ಟಿನ ಗದ್ದೆಗಳಲ್ಲಿ ಬಡಾವಣೆ ಎದ್ದಿವೆ. ಹಳ್ಳ ಮೋರಿಯಾಗಿದೆ.

ಈಗ ಲೆಕ್ಕ ನೋಡೋಣ. ಒಂದು ಹೆಕ್ಟೇರ್ ಜಾಗಕ್ಕೆ 50 ಮಿ.ಮೀ. ಮಳೆ ಬಿದ್ದರೆ ಅದು 5 ಲಕ್ಷ ಲೀಟರ್ ನೀರು. ಹೊಲವಾಗಿದ್ದರೆ ಬಹುಪಾಲು ಅಲ್ಲೇ ಇಂಗುತ್ತದೆ. ತಾರಸಿ, ಡಾಂಬರು, ಸಿಮೆಂಟ್ ಅಂಗಳ ಆದರೆ ನೂರಕ್ಕೆ 80ರಷ್ಟು, ಅಂದರೆ 4 ಲಕ್ಷ ಲೀಟರ್, ಕೂಡಲೇ ಹರಿದು ಹೋಗುತ್ತದೆ. ಮಳೆ ಅಷ್ಟೇ, ಹಳ್ಳಕ್ಕೆ ಬರುವ ನೀರು ಮಾತ್ರ ಜಾಸ್ತಿ.

ಇದಕ್ಕೆ ಕಾಂಕ್ರೀಟ್ ಕಾಲುವೆ ಮಾಡಿದರೆ? ಅದೇ ಅಳತೆ, ಅದೇ ಇಳಿಜಾರಿದ್ದರೂ ಕಳೆ ಬೆಳೆದ ಮಣ್ಣಿನ ಹಳ್ಳಕ್ಕಿಂತ ಅದರಲ್ಲಿ ನೀರು ಹೆಚ್ಚುಕಡಿಮೆ ಎರಡು ಪಟ್ಟು ವೇಗವಾಗಿ ಓಡುತ್ತದೆ. ಆ ಬೀದಿಗೆ ಅನುಕೂಲವೇ. ಆದರೆ ಕೆಳಗಿನ ಕಿರಿದಾದ ಸೇತುವೆ ಹಾಗೇ ಉಳಿದರೆ ಮುಂದಿನ ಬೀದಿ ಮುಳುಗುತ್ತದೆ. ಗೋಡೆ ಎತ್ತರವಾದರೆ ಅಡ್ಡರಸ್ತೆಯ ಚರಂಡಿ ನೀರು ಕಾಲುವೆಗೆ ಇಳಿಯಲಾಗದೆ ಮನೆಗಳ ಕಡೆಗೇ ನಿಲ್ಲುವುದೂ ಉಂಟು.

ಕೆರೆಯ ದಾರಿಯ ಲೆಕ್ಕ ಬೇರೆ. 10 ಹೆಕ್ಟೇರ್ ಕೆರೆಯ ನೀರನ್ನು ಮಳೆಗೆ ಮೊದಲು ಅರ್ಧ ಮೀಟರ್ ಇಳಿಸಿಟ್ಟರೆ 5 ಕೋಟಿ ಲೀಟರ್‌ಗೆ ಜಾಗ ಸಿಗುತ್ತದೆ. ಮೇಲೆ ಹೇಳಿದ ಹೆಕ್ಟೇರಿಗೆ 4 ಲಕ್ಷ ಲೀಟರ್ ಲೆಕ್ಕದಲ್ಲಿ 125 ಹೆಕ್ಟೇರ್ ಬಡಾವಣೆಯ ನೀರು ಅದರಲ್ಲಿ ಹಿಡಿಯುತ್ತದೆ! ಹಕ್ಕಿಗಳಿಗೂ, ವಾಕಿಂಗ್ ಬರುವವರಿಗೂ ತುಂಬಿದ ಕೆರೆಯೇ ಚೆಂದ, ನಿಜ. ಆದರೆ ಸದಾ ತುಂಬಿದ ಕೆರೆ ಹೊಸ ನೀರನ್ನು ತಡೆಯಲಾರದು. ಯುಜಿಡಿ (ಒಳಚರಂಡಿ) ನೀರು ಸೇರುತ್ತಿದ್ದರಂತೂ ತಗ್ಗಿಸಿದ ಜಾಗವೂ ಕೊಳಚೆಯಿಂದಲೇ ತುಂಬುತ್ತದೆ. ಅದನ್ನು ಮೊದಲು ನಿಲ್ಲಿಸಬೇಕು.

ತೊಡಕು ಇರುವುದು ಯಜಮಾನಿಕೆಯಲ್ಲಿ. ಕುಕ್ಕರಹಳ್ಳಿ ಕೆರೆ ಮೈಸೂರು ವಿಶ್ವವಿದ್ಯಾಲಯದ್ದು, ಕಾರಂಜಿ ಕೆರೆ ಮೃಗಾಲಯ ಪ್ರಾಧಿಕಾರದ್ದು, ಲಿಂಗಾಂಬುಧಿ ಅರಣ್ಯ ಇಲಾಖೆಯದ್ದು. ಊರೊಳಗಿನ ಚರಂಡಿ ಪಾಲಿಕೆಯದ್ದು. ನೀರು ಮಾತ್ರ ಈ ಗಡಿ ನೋಡುವುದಿಲ್ಲ, ಅಲ್ವಾ? ಯಾವ ಕೆರೆಯ ತೂಬು ಎಂದು ಎತ್ತಬೇಕು ಅಂತ ಇಡೀ ಹಳ್ಳಕ್ಕೆ ಸೇರಿಸಿ ಹೇಳುವ ಒಬ್ಬರು ಬೇಕು. ನನ್ನ ಮಟ್ಟಿಗೆ ಎಲ್ಲಕ್ಕಿಂತ ತುರ್ತಿನ ಕೆಲಸ ಇದೇ.

ಯೋಜನೆಗಳಲ್ಲಿ ‘25 ವರ್ಷಕ್ಕೊಮ್ಮೆ ಬರುವ ಮಳೆ’ ಎಂಬ ಮಾತು ಬರುತ್ತದೆ. ಒಮ್ಮೆ ಬಂದರೆ ಇನ್ನು 25 ವರ್ಷ ನಿಶ್ಚಿಂತೆ ಅಂತ ಅದರ ಅರ್ಥವಲ್ಲ. ಪ್ರತಿ ವರ್ಷವೂ ನೂರಕ್ಕೆ 4ರಷ್ಟು ಸಂಭವ ಇರುತ್ತದೆ. 30 ವರ್ಷದ ಸಾಲ ಮಾಡಿ ಮನೆ ಕಟ್ಟಿದವರು ಸಾಲ ತೀರುವುದರೊಳಗೆ ಒಮ್ಮೆಯಾದರೂ ಅಂಥ ಮಳೆ ಕಾಣುವ ಸಂಭವ ನೂರಕ್ಕೆ 70ರಷ್ಟು. ಸೈಟು ಹಂಚುವಾಗಲೇ ಇದನ್ನು ಹೇಳಬೇಕಿತ್ತು.

ಹಳ್ಳದ ಪಾತ್ರದಲ್ಲೇ ಈಗಾಗಲೇ ಮನೆ ಮಾಡಿಕೊಂಡ ಬಡವರನ್ನು ಸುಮ್ನೆ ಒತ್ತುವರಿದಾರರು ಅಂತ ಎಬ್ಬಿಸುವುದು ಅನ್ಯಾಯ. ಅವರಿಗೆ ಅದೇ ವಾರ್ಡಿನ ಎತ್ತರದ ಜಾಗದಲ್ಲಿ ಮನೆ ಕೊಟ್ಟ ಮೇಲೆಯೇ ಪಾತ್ರ ಬಿಡಿಸಬೇಕು. ಇದೆಲ್ಲ ಆಗಲು ವರ್ಷಗಳು ಬೇಕು. ಅಲ್ಲಿಯವರೆಗೆ ಕಾಲುವೆಯ ಹೂಳನ್ನು ಏಪ್ರಿಲ್‌ನಲ್ಲಿ ಒಮ್ಮೆ, ಆಗಸ್ಟ್ ಕೊನೆಗೆ ಇನ್ನೊಮ್ಮೆ ತೆಗೆಯಬೇಕು. ತೆಗೆದ ಹೂಳನ್ನು ದಡದಲ್ಲೇ ಬಿಡದೆ ಲಾರಿಯಲ್ಲಿ ಸಾಗಿಸಬೇಕು.