ಚಡಾವಿನಲ್ಲಿ ಲೋಡಿನ ವ್ಯಾನ್: ಹೊಸದಾಗಿ ಕಲಿಯುವವರಿಗೆ ನನ್ನ ಟಿಪ್ಪಣಿ

ಮೈದಾನದಲ್ಲಿ ನೆಟ್ಟ ಕಂಬಗಳ ನಡುವೆ ಇಂಗ್ಲಿಷಿನ ‘ಎಚ್’ ಅಕ್ಷರದ ಆಕಾರದಲ್ಲಿ ಕಾರು ಓಡಿಸಿ ಪಾಸಾಗಿ, ಕಾರಿನ ಲೈಸೆನ್ಸ್ ಪಡೆದು, ಆಮೇಲೆ ಸಾಮಾನು ಸಾಗಿಸುವ ಸಣ್ಣ ವ್ಯಾನನ್ನು ಮೊದಲ ಸಲ ಓಡಿಸಲು ಹೊರಟವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ನಾನು ಕಲಿತದ್ದು ಭಾವನ ವ್ಯಾನಿನಲ್ಲಿ, ಚೆರ್ಕಳ–ಜಾಲ್ಸೂರು ರಸ್ತೆಯಲ್ಲಿ ಕಾಸರಗೋಡು ಜಿಲ್ಲೆಯ ಮುಳ್ಳೇರಿಯದ ಆಚೀಚೆ. ಕಲಿತು ಹೆಚ್ಚು ದಿನವಾಗಿಲ್ಲವಾದ್ದರಿಂದ ಎಲ್ಲೆಲ್ಲಿ ಎಡವಿದೆನೆಂಬುದು ಇನ್ನೂ ನೆನಪಿದೆ. ಗೇರು ಬದಲಿಸುವುದು, ಇಂಡಿಕೇಟರ್ ಹಾಕುವುದು, ವೈಪರ್ ತಿರುಗಿಸುವುದು ಮುಂತಾದವು ಕಾರಿನಲ್ಲಿದ್ದಂತೆಯೇ ಇರುವುದರಿಂದ ಅವನ್ನು ಇಲ್ಲಿ ಬಿಟ್ಟಿದ್ದೇನೆ.

ಲೈಸೆನ್ಸಿನ ಬಗ್ಗೆ ಒಂದೇ ಮಾತು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಒಟ್ಟು ತೂಕ 7500 ಕಿಲೋ ಮೀರದ ವಾಹನವು ಲಘು ಮೋಟಾರು ವಾಹನವೆನಿಸುತ್ತದೆ. ಲಘು ವಾಹನದ ಲೈಸೆನ್ಸ್ ಇರುವವರು ಆ ಮಿತಿಯೊಳಗಿನ ಸರಕು ವಾಹನವನ್ನೂ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠವು 2024ರ ನವೆಂಬರಿನಲ್ಲಿ ಹೇಳಿದೆ. ಓಡಿಸುವ ಅನುಮತಿ ಸಿಕ್ಕಿತೆಂದ ಮಾತ್ರಕ್ಕೆ ಓಡಿಸಲು ಬರುವುದಿಲ್ಲವೆಂಬುದು ನನಗೆ ಮೊದಲ ದಿನವೇ ಗೊತ್ತಾಯಿತು.

ಕೂರುವ ಜಾಗವೇ ಬೇರೆ

ಕಾರಿನಲ್ಲಿ ಮುಂದಿನ ಚಕ್ರಗಳು ನಮ್ಮ ಪಾದಗಳಿಗಿಂತ ಮುಂದಿರುತ್ತವೆ. ಮೂತಿಯಿಲ್ಲದ ವ್ಯಾನಿನಲ್ಲಾದರೆ ನಾವು ಹೆಚ್ಚುಕಡಿಮೆ ಆ ಚಕ್ರಗಳ ಮೇಲೆಯೇ ಕುಳಿತಿರುತ್ತೇವೆ. ಆದ್ದರಿಂದ ಕಾರಿನ ಅಭ್ಯಾಸದಂತೆ ತಿರುವು ಕಂಡೊಡನೆ ಸ್ಟಿಯರಿಂಗ್ ತಿರುಗಿಸಿದರೆ ಹಿಂದಿನ ಚಕ್ರ ಒಳಬದಿಯ ಚರಂಡಿಗೆ ಅಥವಾ ಕೆಂಪುಕಲ್ಲಿನ ಕಟ್ಟೆಗೆ ತಾಗುತ್ತದೆ. ಹಿಂದಿನ ಚಕ್ರ ಎಂದಿಗೂ ಮುಂದಿನದರ ಜಾಡಿನಲ್ಲಿ ಬರುವುದಿಲ್ಲ. ಒಳಗೊಳಗೆ ಸರಿದು ಬರುತ್ತದೆ. ಮುಂದಿನ ಚಕ್ರ 6 ಮೀಟರ್ ತ್ರಿಜ್ಯದಲ್ಲಿ ತಿರುಗುವಾಗ, ಎರಡು ಅಚ್ಚುಗಳ ನಡುವಿನ ಅಂತರ 2.5 ಮೀಟರ್ ಇದ್ದರೆ ಹಿಂದಿನ ಚಕ್ರ ಸುಮಾರು 55 ಸೆಂಟಿಮೀಟರ್ ಒಳಗೆ ಬರುತ್ತದೆ, ಅಂತರ 3.3 ಮೀಟರ್ ಇರುವ ಉದ್ದದ ವ್ಯಾನಾದರೆ ಹತ್ತಿರ ಹತ್ತಿರ ಒಂದು ಮೀಟರ್ ಒಳಗೆ ಬರುತ್ತದೆ. ತಿರುವಿನ ಮೂಲೆ ನನ್ನ ಭುಜವನ್ನು ದಾಟಿದ ಮೇಲೆಯೇ ಸ್ಟಿಯರಿಂಗ್ ತಿರುಗಿಸುವುದೆಂದು ನಿಯಮ ಮಾಡಿಕೊಂಡೆ. ಅದರ ಜೊತೆಗೆ ಒಳಬದಿಯ ಕನ್ನಡಿಯಲ್ಲಿ ಹಿಂದಿನ ಚಕ್ರವನ್ನು ನೋಡುತ್ತಲೇ ತಿರುಗಿಸುವುದು ಅಭ್ಯಾಸವಾದರೆ ಈ ಅಧ್ಯಾಯ ಮುಗಿಯಿತು.

ಹಾಫ್ ಕ್ಲಚ್: ನಾನು ಎಡವಿದ ಜಾಗ

ನಮ್ಮ ಮನೆಯ ಅಂಗಳದಿಂದ ಡಾಂಬರು ರಸ್ತೆಗೆ ಹೋಗುವ ಹಾದಿ ಗುಡ್ಡೆಯನ್ನು ಕಡಿದು ಮಾಡಿದ ನೇರ ಚಡಾವು, ಎಂದರೆ ಏರುದಾರಿ. ಅಲ್ಲಿ ಖಾಲಿ ವ್ಯಾನನ್ನು ನಿಲ್ಲಿಸಿ ಮತ್ತೆ ಎತ್ತುವುದನ್ನು ನಾನು ಎರಡೇ ದಿನದಲ್ಲಿ ಕಲಿತಿದ್ದೆ. ಮೂರನೆಯ ದಿನ ಭಾವ ಒಂಬತ್ತು ಗೋಣಿ ಅಡಿಕೆ ಹೇರಿಸಿ, ಹಿಂದಿನ ಟಯರಿನಿಂದ ಒಂದು ಗೇಣು ಹಿಂದೆ ಸುಲಿದ ತೆಂಗಿನಕಾಯಿಯೊಂದನ್ನು ಇಟ್ಟು, ಕಾಯಿ ಒಡೆಯದಂತೆ ಮುಂದೆ ಹೋಗಬೇಕೆಂದರು. ನಾನು ಹಿಂದಿನ ಎರಡು ದಿನ ಮಾಡಿದ್ದನ್ನೇ ಮಾಡಿದೆ. ವ್ಯಾನ್ ಹಿಂದಕ್ಕೆ ಸರಿಯಿತು, ಹಿಂದಿನಿಂದ ‘ಟಪ್’ ಎಂಬ ಸದ್ದು ಕೇಳಿತು. “ಇವತ್ತಿನ ಚಟ್ನಿಗೆ ಆಯಿತು ಮಾರಾಯ” ಎಂದು ಹೇಳಿ ಭಾವ ಎರಡನೆಯ ಕಾಯಿ ತಂದಿಟ್ಟರು. ಅದೂ ಒಡೆಯಿತು.

ಖಾಲಿಯಿದ್ದಾಗ ಸರಿಹೋದದ್ದು ಲೋಡಿದ್ದಾಗ ಏಕೆ ಕೈಕೊಟ್ಟಿತು? ಇದಕ್ಕೆ ಉತ್ತರ ಸಿಗಲು ನನಗೆ ಇಡೀ ಸಂಜೆ ಬೇಕಾಯಿತು. ಕ್ಲಚ್ಚೆಂದರೆ ಎಂಜಿನಿನೊಂದಿಗೆ ಸದಾ ತಿರುಗುವ ಫ್ಲೈವೀಲಿಗೂ ಪ್ರೆಷರ್ ಪ್ಲೇಟಿಗೂ ನಡುವೆ ಒತ್ತಿ ಹಿಡಿಯಲ್ಪಡುವ ಒಂದು ತಟ್ಟೆ. ಪೆಡಲ್ ಪೂರ್ತಿ ಒತ್ತಿದಾಗ ತಟ್ಟೆ ಬಿಡುಗಡೆಯಾಗಿರುತ್ತದೆ; ಪೂರ್ತಿ ಬಿಟ್ಟಾಗ ಬಿಗಿಯಾಗಿ ಅಂಟಿಕೊಂಡಿರುತ್ತದೆ; ನಡುವೆ ಎಲ್ಲೋ ಒಂದೆಡೆ ಉಜ್ಜುತ್ತಾ, ಜಾರುತ್ತಾ, ಎಂಜಿನಿನ ಬಲದ ಒಂದು ಪಾಲನ್ನು ಮಾತ್ರ ಚಕ್ರಕ್ಕೆ ಕೊಡುತ್ತದೆ. ನಾವು ಹಾಫ್ ಕ್ಲಚ್ ಎನ್ನುವುದು ಇದನ್ನೇ. ಆದರೆ ಆ ‘ಹಾಫ್’ ಎಂಬ ಮಾತೇ ನನ್ನನ್ನು ದಾರಿ ತಪ್ಪಿಸಿದ್ದು. ಅದು ಪೆಡಲಿನಲ್ಲಿರುವ ಒಂದು ನಿರ್ದಿಷ್ಟ ಬಿಂದು, ಅಲ್ಲಿಗೆ ಕಾಲು ತಲುಪಿದರೆ ಕೆಲಸವಾಯಿತೆಂದು ನಾನು ತಿಳಿದಿದ್ದೆ. ವಾಸ್ತವದಲ್ಲಿ ಅದು ಬಿಂದುವಲ್ಲ, ಒಂದು ಹರವು. ಆ ಹರವಿನ ಆರಂಭದಲ್ಲಿ ಸ್ವಲ್ಪ ಬಲ ದಾಟುತ್ತದೆ, ಕೊನೆಯಲ್ಲಿ ಬಹಳ ಬಲ ದಾಟುತ್ತದೆ.

ಲೆಕ್ಕ ಹಾಕಿದರೆ ಇದು ಸ್ಪಷ್ಟವಾಗುತ್ತದೆ. ಎಂಟು ಅಡಿ ಮುಂದೆ ಹೋಗುವಷ್ಟರಲ್ಲಿ ಒಂದು ಅಡಿ ಏರುವ ಚಡಾವಿನಲ್ಲಿ ವಾಹನವನ್ನು ಹಿಂದಕ್ಕೆ ಎಳೆಯುವ ಬಲವು ಅದರ ತೂಕದ ಸುಮಾರು ಎಂಟನೆಯ ಒಂದು ಭಾಗ. ಚಾಲಕನೂ ಸೇರಿ 900 ಕಿಲೋ ಇರುವ ಖಾಲಿ ವ್ಯಾನನ್ನು ಸುಮಾರು 110 ಕಿಲೋ ಭಾರದಷ್ಟು ಬಲ ಹಿಂದಕ್ಕೆ ಎಳೆದರೆ, 1600 ಕಿಲೋ ತೂಗುವ ಲೋಡಿನ ವ್ಯಾನನ್ನು 200 ಕಿಲೋ ಭಾರದಷ್ಟು ಬಲ ಎಳೆಯುತ್ತದೆ. ಖಾಲಿ ವ್ಯಾನನ್ನು ಹಿಡಿದು ನಿಲ್ಲಿಸಲು ಸಾಕಾಗಿದ್ದ ಕಾಲಿನ ಸ್ಥಾನ ಲೋಡಿಗೆ ಸಾಲದು. ಪೆಡಲ್ ಇನ್ನಷ್ಟು ಮೇಲೆ ಬರಬೇಕು. ಹಾಗೆ ಬರುವಾಗ ಎಂಜಿನ್ ಆಫ್ ಆಗದಿರಲು ಆಕ್ಸಿಲರೇಟರನ್ನೂ ಇನ್ನಷ್ಟು ಕೊಡಬೇಕು.

ಎಷ್ಟು ಮೇಲೆ ಎಂಬುದನ್ನು ತಿಳಿಯುವುದು ಹೇಗೆ? ಕಾರಿನಲ್ಲಾದರೆ ಬಾನೆಟ್ ತುಸು ಮೇಲೇಳುವುದು ಕಣ್ಣಿಗೆ ಕಾಣುತ್ತದೆ. ನಮ್ಮ ವ್ಯಾನಿಗೆ ಬಾನೆಟ್ಟೇ ಇಲ್ಲ. ಆದರೆ ಎಂಜಿನ್ ಸೀಟಿನ ಕೆಳಗೇ ಇರುವುದರಿಂದ ಅದರ ಸದ್ದೂ ನಡುಕವೂ ನೇರವಾಗಿ ಮೈಗೆ ತಾಕುತ್ತವೆ. ನಾನು ಕಂಡುಕೊಂಡದ್ದೇನೆಂದರೆ, ಎಂಜಿನಿನ ಸದ್ದು ಎರಡು ಸಲ ಕುಗ್ಗಬೇಕು. ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆದು, ಒಂದನೆಯ ಗೇರಿಗೆ ಹಾಕಿ, ಬಲಗಾಲನ್ನು ಬ್ರೇಕಿನಿಂದ ಆಕ್ಸಿಲರೇಟರಿಗೆ ತಂದು, ಸದ್ದನ್ನು ಒಂದೇ ಮಟ್ಟಕ್ಕೆ ಏರಿಸಿ ಹಿಡಿಯಬೇಕು. ಬಳಿಕ ಎಡಗಾಲಿನ ಹಿಮ್ಮಡಿಯನ್ನು ನೆಲಕ್ಕೆ ಊರಿ, ಪಾದವನ್ನು ಮಾತ್ರ ಮೆಲ್ಲನೆ ಎತ್ತುತ್ತಾ ಬಂದರೆ ಸದ್ದು ಒಮ್ಮೆ ಕುಗ್ಗುತ್ತದೆ. ಇದು ತಟ್ಟೆ ಮುಟ್ಟಿದ ಗುರುತು, ಅಷ್ಟೆ. ಖಾಲಿ ವ್ಯಾನಿಗೆ ಇಷ್ಟೇ ಸಾಕಾಗುತ್ತಿತ್ತು. ಎರಡು ತೆಂಗಿನಕಾಯಿ ಒಡೆದದ್ದು ನಾನು ಇಲ್ಲಿಯೇ ಹ್ಯಾಂಡ್‌ಬ್ರೇಕ್ ಬಿಟ್ಟದ್ದರಿಂದ. ಲೋಡಿದ್ದಾಗ ಇಲ್ಲಿ ತಡೆದು, ಆಕ್ಸಿಲರೇಟರನ್ನು ತುಸು ಒತ್ತಿ ಸದ್ದನ್ನು ಮತ್ತೆ ಮೊದಲಿನ ಮಟ್ಟಕ್ಕೆ ತಂದು, ಎಡ ಪಾದವನ್ನು ಇನ್ನೂ ಒಂದು ಬೆರಳಗಲ ಎತ್ತಬೇಕು. ಆಗ ಸದ್ದು ಎರಡನೆಯ ಸಲ ಕುಗ್ಗುತ್ತದೆ, ಜೊತೆಗೆ ವ್ಯಾನಿನ ಹಿಂಭಾಗ ಕುಕ್ಕರಿಸಿದಂತಾಗಿ ಸೀಟು ತುಸು ಹಿಂದಕ್ಕೆ ವಾಲುತ್ತದೆ. ಡ್ಯಾಶ್‌ಬೋರ್ಡಿನ ಮೇಲೆ ಅರ್ಧ ನೀರಿರುವ ಬಾಟಲಿಯೊಂದನ್ನು ಅಡ್ಡ ಮಲಗಿಸಿಟ್ಟರೆ ನೀರು ಅಲುಗುವುದು ಕಾಣುತ್ತದೆ. ಮೊದಮೊದಲು ನನಗೆ ಈ ಬಾಟಲಿಯೇ ಗುರು.

ಈಗ ಹ್ಯಾಂಡ್‌ಬ್ರೇಕಿನ ಗುಂಡಿಯನ್ನು ಒತ್ತಿ, ಲಿವರನ್ನು ಒಮ್ಮೆಗೇ ಕೆಳಗೆ ಬೀಳಿಸದೆ ಅರ್ಧದಷ್ಟು ಇಳಿಸಿ ನೋಡಬೇಕು. ವ್ಯಾನ್ ನಿಂತಲ್ಲೇ ನಿಂತರೆ ಉಳಿದರ್ಧವನ್ನೂ ಇಳಿಸಿ, ಆಕ್ಸಿಲರೇಟರ್ ಕೊಡುತ್ತಾ ಹೊರಡಬಹುದು. ಹಿಂದಕ್ಕೆ ಸರಿಯಲಾರಂಭಿಸಿದರೆ ಗಾಬರಿಯಲ್ಲಿ ಕ್ಲಚ್ಚನ್ನು ಪೂರ್ತಿ ಬಿಡಬಾರದು. ಎಂಜಿನ್ ಆಫ್ ಆಗುತ್ತದೆ. ಲಿವರನ್ನು ಮತ್ತೆ ಎಳೆದು ಮೊದಲಿನಿಂದ ಆರಂಭಿಸುವುದರಲ್ಲಿ ನಾಚಿಕೆಯೇನೂ ಇಲ್ಲ. ಈ ಕೆಲಸದುದ್ದಕ್ಕೂ ಕಣ್ಣು ರಸ್ತೆಯ ಮೇಲಿರಬೇಕೇ ಹೊರತು ಲಿವರಿನ ಮೇಲಲ್ಲ.

ಇದನ್ನು ಕಲಿತ ಉತ್ಸಾಹದಲ್ಲಿ ಇನ್ನೊಂದು ತಪ್ಪು ಮಾಡಿದೆ. ಚೆರ್ಕಳದ ಬಳಿ ವಾಹನಗಳ ಸಾಲು ನಿಂತಿದ್ದಾಗ ಹ್ಯಾಂಡ್‌ಬ್ರೇಕ್ ಹಾಕದೆ, ಹಾಫ್ ಕ್ಲಚ್ಚಿನಲ್ಲಿಯೇ ವ್ಯಾನನ್ನು ಚಡಾವಿನಲ್ಲಿ ಹಿಡಿದಿಟ್ಟೆ. ಒಂದು ನಿಮಿಷ ಕಳೆಯುವಷ್ಟರಲ್ಲಿ ಕೂದಲು ಸುಟ್ಟಂಥ ವಾಸನೆ ಸೀಟಿನ ಕೆಳಗಿನಿಂದ ಎದ್ದಿತು. ಜಾರುವ ತಟ್ಟೆಯ ಉಜ್ಜಾಟವೆಲ್ಲ ಶಾಖವಾಗುತ್ತದೆ, ತಟ್ಟೆ ಸವೆಯುತ್ತದೆ. ನಾಲ್ಕೈದು ಸೆಕೆಂಡಿಗಿಂತ ಹೆಚ್ಚು ನಿಲ್ಲುವುದಾದರೆ ಹ್ಯಾಂಡ್‌ಬ್ರೇಕ್ ಎಳೆದು ನ್ಯೂಟ್ರಲಿಗೆ ಬರುವುದೇ ಸರಿ. ಓಡುವಾಗ ಎಡಗಾಲನ್ನು ಪೆಡಲಿನ ಮೇಲೆ ವಿಶ್ರಾಂತಿಗಿಡುವುದೂ ಇದೇ ರೀತಿಯ ಹಾನಿ ಮಾಡುತ್ತದೆ.

ಇಳಿಜಾರು

ಒಂದು ಚಡಾವನ್ನು ಹತ್ತಲು ಯಾವ ಗೇರು ಬೇಕೋ ಅದೇ ಗೇರಿನಲ್ಲಿ ಅದನ್ನು ಇಳಿಯಬೇಕು, ಮತ್ತು ಆ ಗೇರಿಗೆ ಇಳಿಜಾರು ಆರಂಭವಾಗುವ ಮೊದಲೇ ಬರಬೇಕು. ಇಳಿಯುವುದಕ್ಕೆ ಬ್ರೇಕನ್ನು ಮಾತ್ರ ನಂಬಿದರೆ ಲೋಡಿನ ಭಾರವನ್ನೆಲ್ಲ ಬ್ರೇಕ್ ಲೈನಿಂಗುಗಳೇ ಹೊರಬೇಕಾಗುತ್ತದೆ; ಅವು ಅತಿಯಾಗಿ ಬಿಸಿಯಾದಾಗ ಹಿಡಿತ ತಗ್ಗಿ, ಪೆಡಲ್ ಎಷ್ಟು ಒತ್ತಿದರೂ ವೇಗ ಇಳಿಯುವುದಿಲ್ಲ.

ಡೀಸೆಲ್ ಉಳಿಯುತ್ತದೆಂದು ನ್ಯೂಟ್ರಲಿಗೆ ಹಾಕಿ, ಕೆಲವೊಮ್ಮೆ ಎಂಜಿನನ್ನೇ ಆಫ್ ಮಾಡಿ ಇಳಿಯುವವರನ್ನು ನಮ್ಮ ಕಡೆ ಧಾರಾಳವಾಗಿ ಕಾಣಬಹುದು. ಎಲೆಕ್ಟ್ರಾನಿಕ್ ನಿಯಂತ್ರಣವಿರುವ ಈಗಿನ ಎಂಜಿನುಗಳಲ್ಲಿ, ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಂಧನದ ಪೂರೈಕೆ ತಾನಾಗಿಯೇ ನಿಲ್ಲುತ್ತದೆ. ನ್ಯೂಟ್ರಲಿನಲ್ಲಿಯೇ ಎಂಜಿನ್ ಓಡುತ್ತಿರಲು ಇಂಧನ ಬೇಕಾಗುವುದು. ಅಲ್ಲಿಗೆ ಉಳಿತಾಯದ ವಾದ ಬಿದ್ದುಹೋಯಿತು. ಎಂಜಿನ್ ಆಫ್ ಮಾಡುವುದಂತೂ ಶುದ್ಧ ಅವಿವೇಕ. ಬ್ರೇಕಿಗೆ ನೆರವಾಗುವ ಬೂಸ್ಟರಿನ ನಿರ್ವಾತವು ಎಂಜಿನ್ ಓಡುತ್ತಿರುವಾಗ ಮಾತ್ರ ತುಂಬುತ್ತಿರುತ್ತದೆ; ಆಫ್ ಆದ ಮೇಲೆ ಎರಡು ಮೂರು ಸಲ ಒತ್ತುವಷ್ಟರಲ್ಲಿ ಅದು ಮುಗಿದು ಪೆಡಲ್ ಕಲ್ಲಿನಂತಾಗುತ್ತದೆ. ಪವರ್ ಸ್ಟಿಯರಿಂಗ್ ಇದ್ದರೆ ಅದೂ ಬಿಗಿಯಾಗುತ್ತದೆ. ಕಿರಿದಾದ ಇಳಿಜಾರಿನಲ್ಲಿ ಎದುರಿನಿಂದ ವಾಹನ ಹತ್ತಿ ಬರುತ್ತಿದ್ದರೆ ಇಳಿಯುವವರೇ ನಿಂತು ದಾರಿ ಬಿಡಬೇಕೆಂಬುದು ನಿಯಮ. ಲೋಡಿನೊಂದಿಗೆ ಚಡಾವಿನಲ್ಲಿ ನಿಂತು ಮತ್ತೆ ಹೊರಡುವ ಕಷ್ಟವನ್ನು ಅನುಭವಿಸಿದ ಮೇಲೆ ಆ ನಿಯಮದ ನ್ಯಾಯ ನನಗೆ ಚೆನ್ನಾಗಿ ಮನವರಿಕೆಯಾಯಿತು.

ನಿಲ್ಲಲು ಬೇಕಾದ ದೂರ: ನನ್ನ ಕೈಲೆಕ್ಕ

ಗಂಟೆಗೆ ಇಷ್ಟು ಕಿಲೋಮೀಟರ್ ಎಂಬ ವೇಗವನ್ನು 10ರಿಂದ ಭಾಗಿಸಿ. ಬಂದ ಸಂಖ್ಯೆಯನ್ನು 3ರಿಂದ ಗುಣಿಸಿದರೆ, ಅಪಾಯ ಕಂಡು ಕಾಲು ಬ್ರೇಕಿಗೆ ಬರುವ ಸುಮಾರು ಒಂದು ಸೆಕೆಂಡಿನಲ್ಲಿ ವ್ಯಾನ್ ಸಾಗುವ ಮೀಟರುಗಳು ಸಿಗುತ್ತವೆ. ಅದೇ ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೆ ಬ್ರೇಕ್ ಹಿಡಿದ ಮೇಲೆ ಸಾಗುವ ದೂರ ಸಿಗುತ್ತದೆ. ವೇಗ 30 ಆದರೆ 9 ಮತ್ತು 9, ಒಟ್ಟು 18 ಮೀಟರ್. ವೇಗ 60 ಆದರೆ 18 ಮತ್ತು 36, ಒಟ್ಟು 54 ಮೀಟರ್. ವೇಗ ಇಮ್ಮಡಿಯಾದಾಗ ದೂರ ಮುಮ್ಮಡಿಯಾಯಿತು. ಬ್ರೇಕಿನ ಪಾಲನ್ನು ಮಾತ್ರ ನೋಡಿದರೆ ನಾಲ್ಮಡಿ. ಒಣ ರಸ್ತೆಯಲ್ಲಿ ಒಳ್ಳೆಯ ಟಯರು, ಒಳ್ಳೆಯ ಬ್ರೇಕ್ ಇದ್ದರೆ ಇದಕ್ಕಿಂತ ಬೇಗ ನಿಲ್ಲಬಹುದು, ಆದರೆ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಕಾಸರಗೋಡಿನಲ್ಲಿ ಆ ರಿಯಾಯಿತಿಯನ್ನು ಲೆಕ್ಕಕ್ಕೆ ಹಿಡಿಯದಿರುವುದೇ ಲೇಸು. ಆರು ಪಥಗಳಾಗಿ ಅಗಲವಾದ ರಾಷ್ಟ್ರೀಯ ಹೆದ್ದಾರಿ 66ಕ್ಕೆ ಕುಂಬಳೆಯ ಕಡೆಯಿಂದ ಸೇರುವಾಗ ನಾನು ಈ ಲೆಕ್ಕವನ್ನು ಮನಸ್ಸಿನಲ್ಲಿಯೇ ಒಮ್ಮೆ ಹೇಳಿಕೊಳ್ಳುತ್ತೇನೆ.

ಲೋಡಿದ್ದರೆ ನಿಲ್ಲಿಸುವುದು ಕಷ್ಟ, ಖಾಲಿಯಿದ್ದರೆ ಸುಲಭ ಎಂದು ತಿಳಿದಿದ್ದೆ. ಅದು ಅರ್ಧ ಸತ್ಯ. ಖಾಲಿ ವ್ಯಾನಿನ ಹಿಂದಿನ ಚಕ್ರಗಳ ಮೇಲೆ ಭಾರವೇ ಇರುವುದಿಲ್ಲ. ಒದ್ದೆ ರಸ್ತೆಯಲ್ಲಿ ಬ್ರೇಕನ್ನು ಜೋರಾಗಿ ಒತ್ತಿದರೆ ಅವು ತಿರುಗುವುದನ್ನು ನಿಲ್ಲಿಸಿ ಜಾರುತ್ತವೆ, ಹಿಂಭಾಗ ಪಕ್ಕಕ್ಕೆ ಬೀಸುತ್ತದೆ. ಇದಕ್ಕಾಗಿಯೇ ಹಲವು ವ್ಯಾನುಗಳಲ್ಲಿ ಲೋಡಿಗೆ ತಕ್ಕಂತೆ ಹಿಂದಿನ ಬ್ರೇಕಿನ ಒತ್ತಡವನ್ನು ಹೊಂದಿಸುವ ವಾಲ್ವ್ ಇರುತ್ತದೆ. ಅದನ್ನು ಸುಮ್ಮನೆ ಬಿಚ್ಚಿಸಿ ಹಾಕಿಸಬಾರದು.

ಹೇರುವುದು

ಆರ್‌ಸಿಯಲ್ಲಿರುವ ಒಟ್ಟು ತೂಕದಿಂದ ಖಾಲಿ ತೂಕವನ್ನು ಕಳೆದರೆ ಹೇರಬಹುದಾದ ಭಾರ ಸಿಗುತ್ತದೆ, ಆದರೆ ಅದರಲ್ಲಿ ಕುಳಿತವರ ತೂಕವೂ ಸೇರಿದೆ. ನಮ್ಮದು 1600ರಿಂದ 850 ಕಳೆದು 750 ಕಿಲೋ. ಇಬ್ಬರ ತೂಕ 130 ಎಂದು ಹಿಡಿದು, 65 ಕಿಲೋದ ಗೋಣಿಗಳನ್ನು ಹೇರಿದರೆ ಒಂಬತ್ತಕ್ಕೆ 715 ಆಗುತ್ತದೆ, ಹತ್ತಕ್ಕೆ 780. ಆದ್ದರಿಂದ ಹತ್ತನೆಯ ಗೋಣಿ ಅಂಗಳದಲ್ಲಿಯೇ ಉಳಿಯಬೇಕು. ಮಿತಿ ಮೀರಿದ ಭಾರಕ್ಕೆ 2019ರ ತಿದ್ದುಪಡಿಯ ಪ್ರಕಾರ ದಂಡ 20,000 ರೂಪಾಯಿಯಿಂದ ಆರಂಭವಾಗುತ್ತದೆ. ಗೋಣಿಗಳನ್ನು ಕ್ಯಾಬಿನ್ನಿನ ಹಿಂಗೋಡೆಗೆ ತಾಗಿಸಿಕೊಂಡು ಸಾಲಾಗಿ ಇಡಬೇಕು. ಭಾರವೆಲ್ಲ ಹಿಂದಿನ ಅಚ್ಚಿನಿಂದಲೂ ಹಿಂದೆ ಬಿದ್ದರೆ ಮುಂಭಾಗ ಹಗುರಾಗಿ, ಸ್ಟಿಯರಿಂಗ್ ತಿರುಗಿಸಿದರೂ ವ್ಯಾನ್ ತಿರುಗಲು ಹಿಂಜರಿಯುತ್ತದೆ. ಟಯರಿನ ಗಾಳಿಯನ್ನು ಬೆಳಿಗ್ಗೆ, ಟಯರು ತಣ್ಣಗಿರುವಾಗಲೇ ನೋಡಬೇಕು.

ಚಡಾವಿನಲ್ಲಿ ನಿಲ್ಲಿಸಿ ಇಳಿಯುವಾಗ

ಮೂತಿ ಮೇಲ್ಮುಖವಾಗಿದ್ದರೆ ಒಂದನೆಯ ಗೇರು, ಕೆಳಮುಖವಾಗಿದ್ದರೆ ರಿವರ್ಸ್ ಗೇರು ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ವ್ಯಾನ್ ಜಾರಿದರೂ ರಸ್ತೆಯ ನಡುವಿಗೆ ಬಾರದೆ ಬದಿಯ ದರೆಗೆ ತಾಗಿ ನಿಲ್ಲುವಂತೆ ಮುಂದಿನ ಚಕ್ರಗಳನ್ನು ತಿರುಗಿಸಿಡಬೇಕು. ಲೋಡಿದ್ದರೆ ಇಳಿಜಾರಿನ ಬದಿಯಿಂದ ಹಿಂದಿನ ಚಕ್ರಕ್ಕೆ ಒಂದು ಕಲ್ಲು ಇಡುವುದು ವಾಡಿಕೆ. ಹೊರಡುವಾಗ ಆ ಕಲ್ಲನ್ನು ಅಲ್ಲಿಯೇ ಬಿಟ್ಟುಹೋಗುವವರೇ ಹೆಚ್ಚು; ರಾತ್ರಿ ಆ ದಾರಿಯಲ್ಲಿ ಬೈಕಿನಲ್ಲಿ ಬರುವವರಿಗೆ ಅದು ಕಾಣುವುದಿಲ್ಲ. ಭಾವನ ವ್ಯಾನಿನಲ್ಲಿ ಕಲ್ಲಿನ ಬದಲು ಹಲಸಿನ ಮರದ ತುಂಡೊಂದಿದೆ. ಅದಕ್ಕೆ ಹಗ್ಗ ಕಟ್ಟಿ, ಹಗ್ಗದ ಇನ್ನೊಂದು ತುದಿಯನ್ನು ಹಿಂದಿನ ಡಾಲಾದ (ಸಾಮಾನು ಹೇರುವ ಭಾಗದ ತೆರೆಯುವ ಹಲಗೆಯ) ಕೊಂಡಿಗೆ ಬಿಗಿದಿದ್ದಾರೆ. ಮರೆತು ಹೊರಟರೂ ಅದು ಹಿಂದಿನಿಂದ ಸದ್ದು ಮಾಡುತ್ತಾ ಎಳೆದುಕೊಂಡು ಬರುತ್ತದೆ.